ಒಂದು ಕಳ್ಳಿಯ ದೇಶಕಾಲ

ಕಳ್ಳಿಯೆಂಬ ಹೆಸರನ್ನು ಕೇಳಿದೊಡನೆಯೇ ನಮ್ಮ ಜನರ ಮನಸ್ಸಿಗೆ ಬರುವುದು ಹೊಲದ ಬೇಲಿ. ಅದಕ್ಕೆ ಗೊಬ್ಬರ ಬೇಡ, ಪಾತಿ ಬೇಡ, ನೀರೆರೆಯುವವರು ಬೇಡ. ಮುರಿದೆಸೆದ ತುಂಡು ಬಿದ್ದ ಸ್ಥಳದಲ್ಲಿಯೇ ಬೇರುಬಿಟ್ಟು ಕಾಲಕ್ರಮದಲ್ಲಿ ಪೊದೆಯಾಗುತ್ತದೆ. ಇಂತಹ ಕುಲಕ್ಕೆ ಸೇರಿದ, ಒಂದು ಗೇಣು ಎತ್ತರವೂ ಇಲ್ಲದ ಗಿಡವೊಂದು ಅರವತ್ತು ವರ್ಷದ ಉಪಾಧ್ಯಾಯನೊಬ್ಬನ ನಿದ್ದೆಯನ್ನು ಕೆಡಿಸಿತೆಂದರೆ ವಾಚಕರಿಗೆ ನಗು ಬಂದರೂ ಬರಬಹುದು. ಆದರೆ ಆ ಗಿಡದ ದೆಸೆಯಿಂದಲೇ ನಾನು ಭೂಮಂಡಲದ ಆಚೆಯ ಮಗ್ಗುಲಿನಲ್ಲಿರುವ ಒಂದು ಪರ್ವತವನ್ನು ಕಂಡೆನು. ಮೂವತ್ತು ವರ್ಷ ಹುಡುಗರಿಗೆ ಹೇಳಿಕೊಟ್ಟ ಒಂದು ಪಾಠವನ್ನು ನಾನೇ ಸರಿಯಾಗಿ ಕಲಿತಿರಲಿಲ್ಲವೆಂಬುದನ್ನೂ ಕಂಡುಕೊಂಡೆನು. ಮನೆಯ ಮುಂದೆ ನಾಲ್ಕು ಕುಂಡಗಳನ್ನಿಟ್ಟುಕೊಂಡಿರುವ ಗೃಹಸ್ಥರಿಗೆ ಈ ವೃತ್ತಾಂತದಿಂದ ಏನಾದರೂ ಪ್ರಯೋಜನವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

೨೦೨೩ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ ನಾನು ಬ್ರೆಜಿಲ್ ದೇಶಕ್ಕೆ ಹೋದೆನು. ನನ್ನ ಮಗಳೂ ಅಳಿಯನೂ ಉದ್ಯೋಗನಿಮಿತ್ತವಾಗಿ ಅಲ್ಲಿನ ಸಾವೊ ಜೋಸೆ ದೋಸ್ ಕಾಂಪೋಸ್ ಎಂಬ ಪಟ್ಟಣದಲ್ಲಿ ವಾಸವಾಗಿದ್ದಾರೆ. ವಿಮಾನಗಳನ್ನು ಕಟ್ಟುವ ದೊಡ್ಡ ಕಾರ್ಖಾನೆಯಿಂದ ಹೆಸರಾದ ಊರದು. ಸಾವೊ ಪಾವ್ಲೊ ಮಹಾನಗರದಿಂದ ರಿಯೊ ದಿ ಜನೈರೊ ನಗರಕ್ಕೆ ಹೋಗುವ ಹೆದ್ದಾರಿಯಲ್ಲಿ, ಪಾರೈಬಾ ದೋ ಸುಲ್ ನದಿಯ ಕಣಿವೆಯಲ್ಲಿ, ಸಮುದ್ರಮಟ್ಟಕ್ಕೆ ಸುಮಾರು ೬೦೦ ಮೀಟರು ಎತ್ತರದಲ್ಲಿದೆ. ನಾವು ಭೂಪಟದಲ್ಲಿ ಚುಕ್ಕೆಗೆರೆಯಾಗಿ ತೋರಿಸುವ ಮಕರವೃತ್ತವು ಆ ಊರಿಗೆ ತೀರ ಸಮೀಪದಲ್ಲಿಯೇ ಹಾದುಹೋಗುತ್ತದೆ.

ಮೊದಲನೆಯ ದಿನ ಬೆಳಗ್ಗೆ ಸ್ನಾನಮಾಡಿ ಸಂಕಲ್ಪಕ್ಕೆ ಕುಳಿತವನು ನಡುವೆಯೇ ನಿಂತುಬಿಟ್ಟೆನು. ಸಂಕಲ್ಪದಲ್ಲಿ ನಾವು ಇರುವ ದೇಶವನ್ನೂ ಕಾಲವನ್ನೂ ಹೇಳಬೇಕಷ್ಟೆ. ದೇಶದ ಮಾತು ಹಾಗಿರಲಿ, ಋತು ಯಾವುದು? ನಾನು ತಂದಿದ್ದ ಪಂಚಾಂಗದ ಪ್ರಕಾರ ಅದು ವಸಂತ. ಕಿಟಕಿಯ ಹೊರಗೆ ಮರಗಳ ಎಲೆ ಹಣ್ಣಾಗುತ್ತಿದ್ದ ಶರತ್ಕಾಲ. ಯಾವುದನ್ನು ಹೇಳಿದರೂ ಸುಳ್ಳಾಗುವುದೆಂದು ತೋರಿತು. ಅಂದು ಅದನ್ನೊಂದು ವಿನೋದವೆಂದು ಬಗೆದು ಮಗಳೊಡನೆ ಹೇಳಿಕೊಂಡು ನಕ್ಕೆನು. ಅದು ವಿನೋದವಲ್ಲವೆಂದು ತಿಳಿಯಲು ಎರಡು ತಿಂಗಳು ಬೇಕಾಯಿತು.

ಮಗಳ ಮನೆಯ ಪಕ್ಕದಲ್ಲಿ, ಎದೆಯೆತ್ತರದ ಗೋಡೆಯೊಂದರ ಆಚೆ, ಎಂಬತ್ತು ವರ್ಷದ ವೃದ್ಧೆಯೊಬ್ಬರು ಒಂಟಿಯಾಗಿ ವಾಸಿಸುತ್ತಿದ್ದರು. ಅವರೂ ನನ್ನ ಹಾಗೆಯೇ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಆ ದೇಶದಲ್ಲಿ ಅಕ್ಷರಾಭ್ಯಾಸ ಮಾಡಿಸುವ ಉಪಾಧ್ಯಾಯನಿಗೂ ‘ಪ್ರೊಫೆಸ್ಸೋರ್’ ಎಂದೇ ಹೆಸರು, ಉಪಾಧ್ಯಾಯಿನಿಯಾದರೆ ‘ಪ್ರೊಫೆಸ್ಸೋರಾ’. ಹೀಗೆ ಅವರು ನನ್ನನ್ನು ಪ್ರೊಫೆಸ್ಸೋರ್ ಎಂದೂ ನಾನು ಅವರನ್ನು ಪ್ರೊಫೆಸ್ಸೋರಾ ಎಂದೂ ಕರೆದುಕೊಂಡು ನಮ್ಮ ಕಸುಬಿಗೆ ಪರಸ್ಪರ ಗೌರವವನ್ನು ಸಲ್ಲಿಸಿದೆವು. ಅವರಿಗೆ ಪೋರ್ಚುಗೀಸ್ ಭಾಷೆ, ನನಗೆ ಕನ್ನಡ. ನಡುವೆ ದುಭಾಷಿ ನನ್ನ ಹತ್ತು ವರ್ಷದ ಮೊಮ್ಮಗ. ಅವನು ಶಾಲೆಗೆ ಹೋದ ವೇಳೆಯಲ್ಲಿ ನಮಗೆ ಇಬ್ಬರಿಗೂ ತಿಳಿದ ಮಾತುಗಳೆಂದರೆ ‘ವರಾಂಡ’ ಮತ್ತು ‘ಚಾವಿ’ ಎಂಬ ಎರಡೇ. ಇವೆರಡೂ ಪೋರ್ಚುಗೀಸರ ಹಡಗುಗಳೊಡನೆ ನಮ್ಮ ತೀರಕ್ಕೆ ಬಂದಿಳಿದ ಶಬ್ದಗಳು.

ಅವರ ವರಾಂಡದ ತುಂಬ ಕುಂಡಗಳು. ವರ್ಷದ ಕೊನೆಗೆ ಅವರು ದಕ್ಷಿಣದ ದೂರದ ಊರಿನಲ್ಲಿರುವ ಮಗನ ಮನೆಗೆ ಹೋಗಿ ನೆಲಸುವುದೆಂದು ನಿಶ್ಚಯವಾಗಿತ್ತು. ಆದಕಾರಣ ಒಂದೊಂದೇ ಕುಂಡವನ್ನು ಬೇಕಾದವರಿಗೆ ಹಂಚುತ್ತಿದ್ದರು. ಒಂದು ದಿನ ಸಂಜೆ ಚಿಕ್ಕದೊಂದು ಕುಂಡವನ್ನು ಎರಡು ಕೈಗಳಲ್ಲಿಯೂ ಹಿಡಿದು ತಂದು ಗೋಡೆಯ ಮೇಲಿಟ್ಟು, “ಇದು ಇತಚಿಯಾಯ ಪರ್ವತದ ಜಾತಿ. ಗಿಡ ಬೆಳೆಸುವ ಸ್ನೇಹಿತರೊಬ್ಬರು ತಮ್ಮ ಕುಂಡದಿಂದ ತೆಗೆದು ಕೊಟ್ಟ ತುಂಡಿನಿಂದ ಬೆಳೆಸಿದೆ. ಆರು ವರ್ಷವಾಯಿತು, ನನ್ನ ಕೈಯಲ್ಲಿ ಹೂಬಿಡಲಿಲ್ಲ. ಇಂಡಿಯದ ಪ್ರೊಫೆಸ್ಸೋರರ ಕೈಗುಣ ಹೇಗಿದೆಯೋ ನೋಡೋಣ. ಹೋಗುವುದರೊಳಗೆ ಒಂದು ಹೂವನ್ನು ಕಂಡರೆ ಸಾಕು” ಎಂದರು. ನಾನು ಅದನ್ನು ತೆಗೆದುಕೊಂಡೆನು. ಬೇಲಿಯ ಕಳ್ಳಿಯನ್ನು ಕಂಡ ನಾಡಿನವನಿಗೆ ಇದೇನು ಮಹತ್ತು ಎಂಬ ಅಹಂಕಾರವೂ ಇರಲಿಲ್ಲವೆಂದು ಹೇಳಲಾರೆ.

ಗಿಡವನ್ನು ವರ್ಣಿಸುವುದು ಸುಲಭ. ಎಲೆಗಳೆಂಬುವು ಇಲ್ಲ. ಹೆಬ್ಬೆರಳಿನಷ್ಟಗಲದ ದಪ್ಪನೆಯ ಹಸಿರು ಬಿಲ್ಲೆಗಳು ಒಂದರ ತುದಿಯಿಂದ ಮತ್ತೊಂದು ಹೊರಟು, ಕವಲೊಡೆದು, ಸರಪಳಿಯಂತೆ ಸಾಗುತ್ತವೆ. ಈ ಬಿಲ್ಲೆಯೇ ಕಾಂಡ. ಎಲೆಯ ಕೆಲಸವನ್ನು ಮಾಡುವುದೂ ಅದೇ. ಮೈಮೇಲೆಲ್ಲ ಸಣ್ಣ ಚುಕ್ಕೆಗಳು; ಚುಕ್ಕೆಯೊಂದೊಂದರಲ್ಲಿಯೂ ನವುರಾದ ಮುಳ್ಳಿನ ಕುಚ್ಚು. ಹಳೆಯ ಬಿಲ್ಲೆಗಳು ವರ್ಷಗಳು ಕಳೆದಂತೆ ಉರುಟಾಗಿ ಮರದಂತೆ ಗಟ್ಟಿಯಾಗುತ್ತವೆ. ಒಟ್ಟಿನಲ್ಲಿ ನಮ್ಮ ಪಾಪಾಸುಕಳ್ಳಿಯನ್ನು ಮಂತ್ರಿಸಿ ಅಂಗೈಯಗಲಕ್ಕೆ ಕುಗ್ಗಿಸಿದಂತೆ ಕಾಣುತ್ತದೆ. ಶಾಸ್ತ್ರಜ್ಞರು ಇಟ್ಟ ಹೆಸರೂ ಇದನ್ನೇ ಹೇಳುತ್ತದೆ: ಶ್ಲುಂಬರ್ಗೆರಾ ಒಪುನ್ಶಿಯಾಯ್ಡಿಸ್, ಎಂದರೆ ‘ಪಾಪಾಸುಕಳ್ಳಿಯನ್ನು ಹೋಲುವ ಶ್ಲುಂಬರ್ಗೆರಾ’.

ಮೊಮ್ಮಗನಿಗೆ ನಾನು, “ಇದು ಅಮರಕೋಶದಲ್ಲಿ ಹೇಳಿರುವ ಸ್ನುಹಿಯ ಕುಲದ್ದು, ಮಗು” ಎಂದು ಪಾಂಡಿತ್ಯವನ್ನು ಮೆರೆದೆನು. ಅದು ತಪ್ಪೆಂದು ಮರುದಿನವೇ ತಿಳಿಯಿತು. ಸ್ನುಹಿಯನ್ನು ಗೀರಿದರೆ ಹಾಲು ಸುರಿಯುತ್ತದೆ; ಅದರ ವಂಶವೇ ಬೇರೆ. ಕನ್ನಡದಲ್ಲಿ ಎರಡಕ್ಕೂ ಕಳ್ಳಿಯೆಂದು ಹೆಸರಾದುದರಿಂದ ನನಗೆ ಈ ಭ್ರಾಂತಿಯುಂಟಾಯಿತು. ನಿಜವಾದ ಈ ಕಳ್ಳಿಗಳ ವಂಶಕ್ಕೆ ಅಮೆರಿಕಾ ಖಂಡಗಳೇ ತವರು. ನಮ್ಮ ಪಾಪಾಸುಕಳ್ಳಿಯೂ ಅಲ್ಲಿಂದಲೇ ಯೂರೋಪಿಯನ್ನರ ಮೂಲಕ ಬಂದುದು. ಮನುಷ್ಯರ ಸಹಾಯವಿಲ್ಲದೆ ಸಮುದ್ರವನ್ನು ದಾಟಿ ಆಫ್ರಿಕ, ಸಿಂಹಳಗಳ ಕಾಡುಗಳಲ್ಲಿ ನೆಲಸಿರುವುದು ರಿಪ್ಸಾಲಿಸ್ ಎಂಬ ಬಿಳಲುಗಳ್ಳಿಯ ಜಾತಿಯೊಂದೇ.

ಇನ್ನು ನನ್ನ ಅಪರಾಧದ ಕಥೆ. ಗಿಡಕ್ಕೆ ನೆತ್ತಿಯ ಬಿಸಿಲು ಆಗದೆಂದು ಪ್ರೊಫೆಸ್ಸೋರಾ ಎಚ್ಚರಿಸಿದ್ದರು. ನಮ್ಮ ಊರಿನ ಚಳಿಗಾಲದಲ್ಲಿ ಸೂರ್ಯನು ದಕ್ಷಿಣಕ್ಕೆ ವಾಲುವುದರಿಂದ ಮನೆಯ ಉತ್ತರದ ಗೋಡೆಯ ಮಗ್ಗುಲು ದಿನವೆಲ್ಲ ನೆರಳಾಗಿರುತ್ತದೆ. ಈ ಅಭ್ಯಾಸದಿಂದ ನಾನು ಕುಂಡವನ್ನು ಮಗಳ ಮನೆಯ ಉತ್ತರದ ಗೋಡೆಯ ಬುಡದಲ್ಲಿಟ್ಟು, ನಾಲ್ಕು ದಿನ ಬೇರೂರಿಗೆ ಪ್ರವಾಸ ಹೋದೆನು. ಮಕರವೃತ್ತದ ನೆರೆಯ ಊರಿನಲ್ಲಿ ಮೇ ತಿಂಗಳಿನ ಸೂರ್ಯನು ಉತ್ತರದ ಆಕಾಶದಲ್ಲಿ ಚಲಿಸುತ್ತಾನೆಂಬುದು ನನಗೆ ತಿಳಿಯದ ವಿಷಯವೇ? ಶಾಲೆಯಲ್ಲಿ ಭೂಗೋಳದ ಉಪಾಧ್ಯಾಯರಿಲ್ಲದ ವರ್ಷಗಳಲ್ಲಿ ಕಿತ್ತಳೆಯ ಹಣ್ಣನ್ನೂ ದೀಪವನ್ನೂ ಹಿಡಿದು ಇದನ್ನೇ ಎಷ್ಟು ಸಲ ವಿವರಿಸಿದ್ದೆನೋ! ತಲೆಗೆ ತಿಳಿದುದು ಕೈಗೆ ತಿಳಿದಿರಲಿಲ್ಲ. ಹಿಂದಿರುಗಿ ನೋಡುವ ವೇಳೆಗೆ ಬಿಳಿಯ ಗೋಡೆಯ ಝಳಕ್ಕೆ ಮೇಲಿನ ಬಿಲ್ಲೆಗಳು ಕೆಂಪಗೆ ಕಂದಿ, ಕೆಲವು ಬೆಂದ ತರಕಾರಿಯಂತಾಗಿದ್ದುವು. ಗಾಬರಿಯಿಂದ ಕುಂಡದ ತುಂಬ ನೀರು ಹಾಕಿದೆನು. ಅದು ಎರಡನೆಯ ತಪ್ಪು. ಹತ್ತು ದಿನಗಳಲ್ಲಿ ಒಂದು ಕೊಂಬೆ ಬುಡದಲ್ಲಿಯೇ ಕೊಳೆತು ಕಳಚಿ ಬಿದ್ದಿತು.

ಮೂರನೆಯ ತಪ್ಪು ಇವೆರಡಕ್ಕಿಂತಲೂ ದೊಡ್ಡದು. ಪ್ರೊಫೆಸ್ಸೋರಾ ಪ್ರತಿದಿನವೂ ಗೋಡೆಯ ಬಳಿ ಬಂದು, “ಗಿಡ ಹೇಗಿದೆ?” ಎಂದು ಕೇಳುವರು. ನಾನು ಕುಂಡವನ್ನು ಅವರ ಕಣ್ಣಿಗೆ ಬೀಳದಂತೆ ಬಟ್ಟೆ ಒಗೆಯುವ ಕೋಣೆಯಲ್ಲಿ ಬಚ್ಚಿಟ್ಟು, “ಚೆನ್ನಾಗಿದೆ” ಎಂದು ಉತ್ತರ ಕೊಡುವೆನು. ಮೊಮ್ಮಗನು ನನ್ನ ಮುಖವನ್ನು ಒಮ್ಮೆ ನೋಡಿ ಅದನ್ನೇ ಭಾಷಾಂತರಿಸುವನು. ಹುಡುಗನ ಬಾಯಿಂದ ನನ್ನ ಸುಳ್ಳನ್ನು ಹೇಳಿಸುತ್ತಿರುವೆನಲ್ಲಾ ಎಂದು ರಾತ್ರಿಯೆಲ್ಲ ಹೊರಳಾಡುತ್ತಿದ್ದೆನು.

ಈ ಸಂಕಟದಲ್ಲಿಯೇ ಆ ಗಿಡದ ಬಂಧುಬಳಗದ ಚರಿತ್ರೆಯನ್ನು ಓದತೊಡಗಿದೆನು. ಈ ಕುಲದಲ್ಲಿ ಆರೇಳು ಜಾತಿಗಳು. ಎಲ್ಲವೂ ಬ್ರೆಜಿಲಿನ ಆಗ್ನೇಯ ಭಾಗದ ಪರ್ವತಗಳವು. ಮರಳುಗಾಡಿನ ಕಳ್ಳಿಗಳಲ್ಲ, ಮಂಜು ಮುಸುಕಿದ ಕಾಡುಗಳಲ್ಲಿ ಮರದ ಕೊಂಬೆಗಳ ಮೇಲೂ ಬಂಡೆಗಳ ಸಂದಿನಲ್ಲಿಯೂ ಬೆಳೆಯುವಂಥವು. ಇವುಗಳಲ್ಲಿ ಒಂದನ್ನು ೧೮೧೯ರಲ್ಲಿಯೇ ಇಂಗ್ಲೆಂಡಿನ ಹಾವರ್ತ್ ಎಂಬಾತನು ವರ್ಣಿಸಿದನು. ಮತ್ತೊಂದನ್ನು ೧೮೩೭ರಲ್ಲಿ ಜಾರ್ಜ್ ಗಾರ್ಡ್ನರ್ ಎಂಬ ಸ್ಕಾಟ್ಲೆಂಡಿನ ಸಸ್ಯಶಾಸ್ತ್ರಜ್ಞನು ರಿಯೊ ನಗರದ ಹಿಂದಿರುವ ಆರ್ಗನ್ ಪರ್ವತಗಳಲ್ಲಿ ಕಂಡನು. ಈತನೇ ಮುಂದೆ ೧೮೪೪ರಲ್ಲಿ ಸಿಂಹಳದ ಪೆರಾದೆನಿಯ ತೋಟದ ಅಧಿಕಾರಿಯಾಗಿ ಬಂದು, ೧೮೪೯ರಲ್ಲಿ ಆ ದ್ವೀಪದಲ್ಲಿಯೇ ತೀರಿಕೊಂಡನು. ೧೮೫೮ರಲ್ಲಿ ಲೆಮೇರ್ ಎಂಬ ಫ್ರೆಂಚ್ ವಿದ್ವಾಂಸನು ಫ್ರೆದೆರಿಕ್ ಶ್ಲುಂಬರ್ಜೆ ಎಂಬ ಸಸ್ಯಪ್ರಿಯನ ಹೆಸರನ್ನು ಕುಲಕ್ಕೆ ಕೊಟ್ಟನು. ನಮ್ಮ ಕುಂಡದಲ್ಲಿದ್ದ ಜಾತಿಯನ್ನು ಲೋಫ್‌ಗ್ರೆನ್ ಮತ್ತು ದುಸೇನ್ ಎಂಬಿಬ್ಬರು ೧೯೦೫ರಲ್ಲಿ ವರ್ಣಿಸಿದರು.

ಈ ಬಂಧುಗಳಲ್ಲಿ ಬಹಳ ಪ್ರಸಿದ್ಧವಾದ ಮನೆಯ ಗಿಡಗಳಿಗೆ ಯೂರೋಪಿನಲ್ಲಿ ‘ಕ್ರಿಸ್‌ಮಸ್ ಕಳ್ಳಿ’ ಎಂದು ಹೆಸರು. ಬ್ರೆಜಿಲಿನಲ್ಲಿ ‘ಮೇ ತಿಂಗಳ ಹೂವು’. ಗಿಡ ಒಂದೇ. ರಾತ್ರಿಗಳು ದೀರ್ಘವಾಗಿ ತಂಪಾಗುತ್ತ ಬಂದಾಗ ಅದು ಮೊಗ್ಗಿಗೆ ಸಿದ್ಧವಾಗುತ್ತದೆ. ಅಂತಹ ರಾತ್ರಿಗಳು ಒಂದು ಗೋಲಾರ್ಧದಲ್ಲಿ ಡಿಸೆಂಬರಿಗೆ ಮುಂಚೆಯೂ ಇನ್ನೊಂದರಲ್ಲಿ ಮೇ ತಿಂಗಳಿಗೆ ಮುಂಚೆಯೂ ಬರುತ್ತವೆ. ಗಿಡವು ಪಂಚಾಂಗವನ್ನು ನೋಡುವುದಿಲ್ಲ, ಕತ್ತಲೆಯನ್ನು ಅಳೆಯುತ್ತದೆ. ಇದನ್ನು ಓದಿದಾಗ ನನ್ನ ಅರ್ಧಕ್ಕೆ ನಿಂತ ಸಂಕಲ್ಪವು ನೆನಪಾಯಿತು. ಆದರೆ ನಮ್ಮ ಗಿಡಕ್ಕೆ ಇಷ್ಟೇ ಸಾಲದೆಂದೂ, ಯೂರೋಪಿನಲ್ಲಿ ಪಳಗಿದವರು ಕೂಡ ಇದನ್ನು ಸ್ವಂತ ಬೇರಿನ ಮೇಲೆ ಬೆಳೆಸಲಾರದೆ ಗಟ್ಟಿಮುಟ್ಟಾದ ಬೇರೆ ಕಳ್ಳಿಯ ಕಾಂಡಕ್ಕೆ ಕಸಿಕಟ್ಟುತ್ತಾರೆಂದೂ ತಿಳಿಯಿತು. ಆಗ ನಾನು ಮಗಳಿಗೆ, “ಅದರ ಊರನ್ನೇ ಒಮ್ಮೆ ನೋಡಬೇಕಮ್ಮಾ” ಎಂದೆನು. “ಹೋಗೋಣ ಅಪ್ಪಾ, ದೂರವೇನಲ್ಲ” ಎಂದು ಅವಳು ಒಪ್ಪಿದಳು.

ಜೂನ್ ತಿಂಗಳಿನ ನಡುವೆ ಒಂದು ಶನಿವಾರ ಮುಂಜಾನೆ ಹೊರಟೆವು. ಹೆದ್ದಾರಿಯು ನದಿಯ ಕಣಿವೆಯನ್ನೇ ಅನುಸರಿಸಿ ಪೂರ್ವಕ್ಕೆ ಹೋಗುತ್ತದೆ. ಹಿಂದಿನ ಶತಮಾನಗಳಲ್ಲಿ ಈ ಕಣಿವೆಯೆಲ್ಲ ಕಾಫಿಯ ತೋಟಗಳಾಗಿದ್ದಿತಂತೆ. ಈಗ ಬೋಳುಗುಡ್ಡಗಳ ಮೇಲೆ ದನಗಳು ಮೇಯುತ್ತಿದ್ದುವು. ದಾರಿಯಲ್ಲಿ ಅಪಾರೆಸಿದಾ ಎಂಬ ಪುಣ್ಯಕ್ಷೇತ್ರವು ಸಿಕ್ಕಿತು. ೧೭೧೭ರಲ್ಲಿ ಬೆಸ್ತರ ಬಲೆಗೆ ಈ ನದಿಯಲ್ಲಿ ಸಿಕ್ಕಿದ ಕನ್ಯಾಮಾತೆಯ ಪುಟ್ಟ ವಿಗ್ರಹಕ್ಕೆ ಅಲ್ಲಿ ಮಹಾದೇವಾಲಯವನ್ನು ಕಟ್ಟಿದ್ದಾರೆ. ಇಡೀ ಬ್ರೆಜಿಲ್ ದೇಶಕ್ಕೆ ಆಕೆಯೇ ಅಧಿದೇವತೆ. ಜನರ ಮುಖದಲ್ಲಿ ನಮ್ಮ ಜಾತ್ರೆಗಳ ಯಾತ್ರಿಕರ ಮುಖದಲ್ಲಿರುವ ಭಾವವೇ ಇದ್ದಿತು. ಸುಮಾರು ೧೫೦ ಕಿಲೋಮೀಟರು ಸಾಗಿದ ಮೇಲೆ ಎಂಜೆನ್ಯೇರೊ ಪಾಸೋಸ್ ಎಂಬ ಚಿಕ್ಕ ಊರಿನ ಬಳಿ ಹೆದ್ದಾರಿಯನ್ನು ಬಿಟ್ಟು ಎಡಕ್ಕೆ ತಿರುಗಿ, ಮಂತಿಕೇರ ಪರ್ವತಶ್ರೇಣಿಯನ್ನು ಹತ್ತತೊಡಗಿದೆವು. ಕಣಿವೆಯ ಸೆಕೆ ಹಿಂದೆ ಉಳಿಯಿತು. ಅರೌಕಾರಿಯಾ ಮರಗಳು ಕೊಡೆಗಳನ್ನು ತಲೆಕೆಳಗಾಗಿ ಹಿಡಿದಂತೆ ಅಲ್ಲಲ್ಲಿ ಕಾಣಿಸಿದುವು. ಆ ರಾತ್ರಿ ಘಟ್ಟದ ನೆತ್ತಿಯ ಸಮೀಪದ ಒಂದು ತಂಗುಮನೆಯಲ್ಲಿ ಇಳಿದುಕೊಂಡೆವು.

ರಾತ್ರಿಯಲ್ಲಿ ಹೊರಗೆ ಬಂದವನು ಸ್ತಬ್ಧನಾಗಿ ನಿಂತೆನು. ದೀಪವೆಂಬುದು ಎಲ್ಲಿಯೂ ಇಲ್ಲ. ಸಂಜೆ ಆರು ಗಂಟೆಗೆ ಮುಂಚೆಯೇ ಇಳಿದ ಕತ್ತಲೆ. ಅದು ಬೆಳಗಿನ ಆರೂವರೆಯವರೆಗೆ ಕದಲದು. ಆ ಅಕ್ಷಾಂಶದಲ್ಲಿ ಜೂನ್ ತಿಂಗಳಿನ ಹಗಲು ಸುಮಾರು ಹತ್ತೂಮುಕ್ಕಾಲು ಗಂಟೆಯಷ್ಟೆ. ತಲೆಯ ಮೇಲೆ ನಾನು ಹುಟ್ಟಿದಂದಿನಿಂದ ಕಾಣದಷ್ಟು ನಕ್ಷತ್ರಗಳು. ನಮ್ಮ ಸಪ್ತರ್ಷಿಮಂಡಲವು ಉತ್ತರದ ದಿಗಂತದಲ್ಲಿ ಬೋರಲಾಗಿ ಬಿದ್ದಿತ್ತು. ಕಂಬಳಿಯನ್ನು ಹೊದ್ದಿದ್ದರೂ ಹಲ್ಲು ಕಟಕಟಿಸಿದುವು. ಬೆಳಗ್ಗೆ ನೋಡಿದರೆ ಹುಲ್ಲಿನ ಮೇಲೆಲ್ಲ ಉಪ್ಪನ್ನು ಚೆಲ್ಲಿದಂತೆ ಹಿಮ.

ಇತಚಿಯಾಯವು ಬ್ರೆಜಿಲ್ ದೇಶದ ಮೊಟ್ಟಮೊದಲನೆಯ ರಾಷ್ಟ್ರೀಯ ಉದ್ಯಾನ. ೧೯೩೭ರ ಜೂನ್ ೧೪ರಂದು ಸ್ಥಾಪಿತವಾಯಿತು. ಮೂಲನಿವಾಸಿಗಳಾದ ತುಪಿ ಜನರ ಭಾಷೆಯಲ್ಲಿ ಆ ಹೆಸರಿಗೆ ‘ಮೊನಚಾದ ಕಲ್ಲುಗಳು’ ಎಂಬಂತೆ ಅರ್ಥವನ್ನು ಹೇಳುತ್ತಾರೆ. ಬೆಳಗಿನ ಬಿಸಿಲಿನಲ್ಲಿ ಪೀಠಭೂಮಿಯ ಮೇಲೆ ನಡೆಯತೊಡಗಿದಾಗ ಹೆಸರು ಸಾರ್ಥಕವೆನಿಸಿತು. ಎದುರಿಗೆ ಅಗೂಲಾಸ್ ನೇಗ್ರಾಸ್, ಎಂದರೆ ‘ಕರಿಯ ಸೂಜಿಗಳು’, ೨,೭೯೧ ಮೀಟರು ಎತ್ತರದ ಶಿಖರ. ಮಳೆಯ ನೀರು ಯುಗಯುಗಗಳಿಂದ ಕೊರೆದ ಉದ್ದುದ್ದದ ಗಾಡಿಗಳು ಅದರ ಮೈಯನ್ನೆಲ್ಲ ಗೀರಿವೆ. ನಮ್ಮ ಮುಳ್ಳಯ್ಯನಗಿರಿಯ ತುದಿಯಲ್ಲಿ ನಿಂತು ಕರ್ನಾಟಕದಲ್ಲಿ ಇದಕ್ಕಿಂತ ಎತ್ತರವಿಲ್ಲವೆಂದು ಹೆಮ್ಮೆಪಟ್ಟಿದ್ದ ನಾನು ಅಂದು ಅದಕ್ಕಿಂತಲೂ ಸುಮಾರು ೪೦೦ ಮೀಟರು ಮೇಲೆ, ಇನ್ನೂ ಪರ್ವತದ ಬುಡದಲ್ಲಿಯೇ ನಿಂತಿದ್ದೆನು.

ನಮ್ಮ ಜೊತೆಗೆ ಬಂದ ಮಾರ್ಗದರ್ಶಕನು ಮಿತಭಾಷಿ. ಹೊಟ್ಟೆಯಡಿ ಕೆಂಪು, ಬೆನ್ನು ಕಪ್ಪಾದ ಪುಟ್ಟ ಕಪ್ಪೆಯೊಂದು ಇಲ್ಲಿನ ಎತ್ತರದ ಜವುಗಿನಲ್ಲಿ ವಾಸಿಸುತ್ತದೆಂದೂ, ರಿಯೊ ನಗರದ ಫುಟ್‌ಬಾಲ್ ತಂಡವೊಂದರ ಬಣ್ಣಗಳು ಅವೇ ಆದುದರಿಂದ ಜನರು ಅದಕ್ಕೆ ಆ ತಂಡದ ಹೆಸರನ್ನೇ ಇಟ್ಟಿದ್ದಾರೆಂದೂ ಹೇಳಿದಾಗ ಮೊಮ್ಮಗನಿಗಾದ ಸಂತೋಷ ಅಷ್ಟಿಷ್ಟಲ್ಲ. ಒಂದು ಗಂಟೆ ನಡೆದ ಮೇಲೆ ಆತನು ದೊಡ್ಡದೊಂದು ಬಂಡೆಯ ದಕ್ಷಿಣದ ಮಗ್ಗುಲಿಗೆ ಕರೆದುಕೊಂಡು ಹೋಗಿ ಬೆರಳು ತೋರಿಸಿದನು.

ಬಂಡೆಯ ಬಿರುಕಿನಲ್ಲಿ ಒಂದಂಗುಲ ದಪ್ಪದ ಹಾವಸೆ. ಅದರಲ್ಲಿ ಬೇರೂರಿ, ಗಾಳಿಗೆ ಮೈಯೊಡ್ಡಿ, ನಮ್ಮ ಗಿಡದ ಅಣ್ಣತಮ್ಮಂದಿರು ಇಳಿಬಿದ್ದಿದ್ದರು. ಆಗ ಹೂವೊಂದೂ ಇರಲಿಲ್ಲ. ಬಿಲ್ಲೆಗಳು ಸುಕ್ಕುಗಟ್ಟಿ ತೆಳ್ಳಗಾಗಿದ್ದುವು. ನಾನು “ಅಯ್ಯೋ, ಒಣಗಿಹೋಗಿವೆ” ಎಂದರೆ ಆತನು ನಕ್ಕು, “ಇಲ್ಲ, ನಿದ್ದೆಮಾಡುತ್ತಿವೆ” ಎಂದನು. ಆ ಪೀಠಭೂಮಿಯಲ್ಲಿ ವರ್ಷಕ್ಕೆ ಸುಮಾರು ೨,೪೦೦ ಮಿಲಿಮೀಟರು ಮಳೆ. ಆದರೆ ಅದರಲ್ಲಿ ಹೆಚ್ಚಿನ ಪಾಲು ನವೆಂಬರಿನಿಂದ ಮಾರ್ಚಿಯವರೆಗಿನ ಬೇಸಗೆಯಲ್ಲಿ ಬೀಳುತ್ತದೆ. ಜೂನಿನಿಂದ ಆಗಸ್ಟಿನವರೆಗೆ ಮಳೆ ಅಪರೂಪ; ಇಬ್ಬನಿ, ಮಂಜು, ಹಿಮ ಇವುಗಳೇ ಆಧಾರ. ವರ್ಷದ ಸರಾಸರಿ ಉಷ್ಣತೆ ಸುಮಾರು ೧೧ ಡಿಗ್ರಿ ಸೆಂಟಿಗ್ರೇಡು. ನೀರು ಬಿದ್ದರೂ ಬಂಡೆಯ ಮೇಲೆ ನಿಲ್ಲದೆ ಮರುಗಳಿಗೆಯಲ್ಲಿಯೇ ಹರಿದುಹೋಗುತ್ತದೆ. ಗಾಳಿಯಂತೂ ಒಂದು ನಿಮಿಷವೂ ಬಿಡುವಿಲ್ಲ. ತಂಪು, ಗಾಳಿ, ನೀರು ನಿಲ್ಲದ ನೆಲ, ದೀರ್ಘವಾದ ಕತ್ತಲೆ, ಬರಗಾಲದಂತಹ ಒಂದು ವಿಶ್ರಾಂತಿ: ಇದು ಆ ಗಿಡದ ದೇಶಕಾಲ. ನಾವೋ ಅದನ್ನು ಮಣ್ಣು ತುಂಬಿದ ಕುಂಡದಲ್ಲಿಟ್ಟು, ಸೆಕೆಯ ಕಣಿವೆಯಲ್ಲಿ, ದಿನವೂ ನೀರೆರೆದು, ಏಕೆ ಹೂಬಿಡಲೊಲ್ಲೆಯೆಂದು ಗದರಿಸುತ್ತಿದ್ದೆವು.

ಅಷ್ಟರಲ್ಲಿ ಬಂಡೆಯ ಬುಡದಲ್ಲಿ ನನ್ನ ಕಣ್ಣಿಗೆ ಒಂದು ವಸ್ತು ಬಿದ್ದಿತು. ಮೇಲಿನಿಂದ ಕಳಚಿಬಿದ್ದ ಎರಡು ಬಿಲ್ಲೆಗಳ ಒಂದು ತುಂಡು, ಹಸಿರಾಗಿ, ಆರೋಗ್ಯವಾಗಿ. ಅದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡೆನು. ಮಾರ್ಗದರ್ಶಕನು ಮುಂದೆ ಹೋಗಿದ್ದನು. ಮಗಳೂ ಅಳಿಯನೂ ಶಿಖರವನ್ನು ನೋಡುತ್ತಿದ್ದರು. ನನ್ನ ಅಂಗಿಯ ಜೇಬಿಗೆ ಅದೇನು ಭಾರವೇ? ನಾನು ಕೆಡಿಸಿದ ಗಿಡಕ್ಕೆ ಬದಲಾಗಿ ಇದನ್ನು ಕುಂಡದಲ್ಲಿ ನೆಟ್ಟರೆ ಪ್ರೊಫೆಸ್ಸೋರಾಗೆ ತಿಳಿಯುವುದೂ ಇಲ್ಲ, ನನ್ನ ಸುಳ್ಳು ಸುಳ್ಳಾಗಿ ಉಳಿಯುವುದೂ ಇಲ್ಲ. ಉದ್ಯಾನದಿಂದ ಒಂದು ಹುಲ್ಲುಕಡ್ಡಿಯನ್ನಾದರೂ ಒಯ್ಯಬಾರದೆಂಬ ನಿಯಮ ನನಗೆ ಗೊತ್ತಿದ್ದಿತು. ಕಳ್ಳಿಗಳ ಹೆಚ್ಚುಕಡಮೆ ಇಡೀ ವಂಶವನ್ನೇ ವ್ಯಾಪಾರದಿಂದ ನಾಶವಾಗದಂತೆ ೧೯೭೩ರ ಅಂತರರಾಷ್ಟ್ರೀಯ ಒಡಂಬಡಿಕೆಯ ರಕ್ಷಣೆಗೆ ತಂದಿದ್ದಾರೆಂದೂ ಓದಿದ್ದೆನು. ಆದರೂ ಕೈ ಜೇಬಿನ ಕಡೆಗೆ ಹೊರಟಿತು. ಪಕ್ಕದಲ್ಲಿ ಮೊಮ್ಮಗನು ನಿಂತಿದ್ದನು. “ತಾತ, ಅದು ತಾನಾಗಿಯೇ ಬಿದ್ದದ್ದಲ್ಲವೇ? ತೆಗೆದುಕೊಂಡರೆ ತಪ್ಪೇ?” ಎಂದನು. ಆ ಹುಡುಗನು ನನಗೆ ಬೇಕಾದ ತರ್ಕವನ್ನು ತಾನೇ ಒದಗಿಸಿಕೊಟ್ಟಿದ್ದನು.

ಅದನ್ನು ಕೇಳಿದ ಮೇಲೆ ನನಗೆ ಅದು ತರ್ಕವೆಂದು ತೋರಲಿಲ್ಲ. “ಬಿದ್ದ ತುಂಡೇ ಇದರ ಬೀಜ, ಮಗು. ಇದು ಬಿದ್ದಲ್ಲಿ ಬೇರುಬಿಟ್ಟು ಇನ್ನೊಂದು ಗಿಡವಾಗಬೇಕು. ನಾವು ಒಯ್ದರೆ ಈ ಬಂಡೆಗೆ ಒಂದು ಗಿಡ ಕಡಮೆಯಾಗುತ್ತದೆ” ಎಂದು ಹೇಳಿ, ಹಾವಸೆಯ ಒಂದು ಸಂದಿನಲ್ಲಿ ಅದನ್ನು ಊರಿ ಬಂದೆನು. ದೊಡ್ಡ ಧರ್ಮವನ್ನು ಮಾಡಿದೆನೆಂದು ಹೇಳಿಕೊಳ್ಳುವುದಕ್ಕೆ ಇದನ್ನು ಬರೆಯಲಿಲ್ಲ. ಆ ಒಂದು ಗಳಿಗೆ ಕೈ ಎಷ್ಟು ದೂರ ಹೋಗಿತ್ತೆಂಬುದು ನನಗೆ ತಿಳಿದಿದೆ.

ಊರಿಗೆ ಬಂದ ದಿನವೇ ಕುಂಡವನ್ನು ತೆಗೆದುಕೊಂಡು ಹೋಗಿ ಗೋಡೆಯ ಮೇಲಿಟ್ಟು, ನಡೆದುದನ್ನೆಲ್ಲ ಹೇಳಿದೆನು. ಮೊಮ್ಮಗನು ಒಂದಕ್ಷರವನ್ನೂ ಬಿಡದೆ ಭಾಷಾಂತರಿಸಿದನು. ಪ್ರೊಫೆಸ್ಸೋರಾ ಬೆಂದ ಬಿಲ್ಲೆಗಳನ್ನು ಬೆರಳಿನಿಂದ ಸವರಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಪರ್ವತದ ಮೇಲೆ ರಾತ್ರಿ ಹೇಗಿದ್ದಿತು?” ಎಂದು ಕೇಳಿದರು. ಕತ್ತಲೆಯ ವಿಷಯವನ್ನು ಹೇಳಿದೆನು. ಅವರು ತಮ್ಮ ವರಾಂಡದ ಕಡೆಗೆ ತಿರುಗಿ ಮೇಲೆ ನೋಡಿದರು. ಅಲ್ಲಿ ಒಂದು ವಿದ್ಯುದ್ದೀಪವಿತ್ತು. “ಯಜಮಾನರು ಹೋದಂದಿನಿಂದ ನಾನು ಒಬ್ಬಳೇ. ಕತ್ತಲೆಯೆಂದರೆ ನನಗೆ ಭಯ. ಆರು ವರ್ಷಗಳಿಂದ ಈ ದೀಪವನ್ನು ಒಂದು ರಾತ್ರಿಯೂ ಆರಿಸಲಿಲ್ಲ. ಗಿಡ ಇಷ್ಟು ದಿನವೂ ಅದರ ಕೆಳಗೇ ಇದ್ದಿತು” ಎಂದರು. ತಪ್ಪನ್ನು ಒಪ್ಪಿಕೊಳ್ಳುವುದಕ್ಕೆಂದು ಹೋದವನಿಗೆ ಮತ್ತೊಂದು ತಪ್ಪಿನ ಒಪ್ಪಿಗೆಯು ಸಿಕ್ಕಿತು. ಅದರೊಡನೆ ಆರು ವರ್ಷದ ಒಗಟಿಗೆ ಉತ್ತರವೂ ಸಿಕ್ಕಿತು.

ಅಂದಿನಿಂದ ನಾವಿಬ್ಬರೂ ಕೂಡಿ ಮಾಡಿದ ಉಪಚಾರವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಕೊಳೆತ ಭಾಗವನ್ನು ಕೊಯ್ದೆಸೆದು, ಉಳಿದವುಗಳಲ್ಲಿ ಗಟ್ಟಿಯಾದ ಏಳು ಬಿಲ್ಲೆಗಳನ್ನು ಆರಿಸಿ, ಗಾಯವು ಒಣಗಿ ಪೊರೆಗಟ್ಟುವವರೆಗೆ ನಾಲ್ಕೈದು ದಿನ ನೆರಳಿನಲ್ಲಿಟ್ಟೆವು. ಮರದ ತೊಗಟೆಯ ಚೂರು, ದಪ್ಪ ಮರಳು, ಸ್ವಲ್ಪ ಎಲೆಗೊಬ್ಬರ ಇವನ್ನು ಬೆರಸಿ, ಮೇಲೆ ಸುರಿದ ನೀರು ಆ ಕ್ಷಣವೇ ಕೆಳಗಿನಿಂದ ಸುರಿಯುವಂತೆ ಚಿಕ್ಕದೊಂದು ಮಣ್ಣಿನ ಕುಂಡಕ್ಕೆ ತುಂಬಿದೆವು. ದೊಡ್ಡ ಕುಂಡವು ಇದಕ್ಕೆ ಶತ್ರು. ಬೇರುಗಳು ಕೂದಲಿನಂತೆ ಸಣ್ಣವು, ಒದ್ದೆಯು ಒಳಗೆ ನಿಂತರೆ ಕೊಳೆ ಹಿಡಿಯುತ್ತದೆ. ಕುಂಡವನ್ನು ಮನೆಯ ದಕ್ಷಿಣದ ಮಗ್ಗುಲಿನಲ್ಲಿ, ಬೆಳಕು ಬಂದು ಬಿಸಿಲು ಬಾರದ, ಗಾಳಿ ಆಡುವ, ಸಂಜೆಯ ಮೇಲೆ ಯಾವ ದೀಪದ ಬೆಳಕೂ ತಾಕದ ಸ್ಥಳದಲ್ಲಿಟ್ಟೆವು. ಬೇರು ಹಿಡಿದ ಮೇಲೆ ಬೇಸಗೆಯ ಮಳೆಗಾಲದಲ್ಲಿ ಧಾರಾಳವಾಗಿ ನೀರು, ಆಗಾಗ್ಗೆ ತೀರ ತೆಳುವಾದ ಗೊಬ್ಬರದ ನೀರು. ಚಳಿಗಾಲ ಬಂದೊಡನೆ ಮೇಲುಮಣ್ಣು ಪೂರ್ತಿಯಾಗಿ ಒಣಗಿದ ಮೇಲೆ ಮಾತ್ರ ಒಂದು ಗುಟುಕು. ಆ ಊರಿನಲ್ಲಿ ಜುಲೈ ತಿಂಗಳಿನ ರಾತ್ರಿಗಳು ಹನ್ನೆರಡು ಡಿಗ್ರಿಯವರೆಗೆ ಇಳಿಯುತ್ತವೆ. ಆ ತಂಪನ್ನು ತಪ್ಪಿಸಬಾರದು. ಮೊಗ್ಗು ಕಂಡಮೇಲೆ ಕುಂಡವನ್ನು ಅತ್ತಿತ್ತ ತಿರುಗಿಸಬಾರದು. ತಿರುಗಿಸಿದರೆ ಮೊಗ್ಗು ಉದುರುವುದುಂಟು. ಪ್ರೊಫೆಸ್ಸೋರಾ ದಿನವೂ ಗೋಡೆಯ ಮೇಲಿನಿಂದ ಬಾಗಿ ನೋಡುವರು. ತಮ್ಮ ವರಾಂಡದ ದೀಪವನ್ನು ಮಾತ್ರ ಅವರು ಆರಿಸಲಿಲ್ಲ. ನಾವೂ ಅದನ್ನು ಕೇಳಲಿಲ್ಲ.

ನಾನು ಸೆಪ್ಟೆಂಬರ್ ತಿಂಗಳಿನಲ್ಲಿ ಊರಿಗೆ ಹಿಂದಿರುಗಿದೆನು. ಆ ವೇಳೆಗೆ ಏಳರಲ್ಲಿ ಐದು ಬಿಲ್ಲೆಗಳು ಬೇರುಬಿಟ್ಟಿದ್ದುವು; ಹೂವಿನ ಸುಳಿವೂ ಇರಲಿಲ್ಲ. ಡಿಸೆಂಬರಿನಲ್ಲಿ ಪ್ರೊಫೆಸ್ಸೋರಾ ಮನೆಯನ್ನು ಖಾಲಿಮಾಡಿ ಮಗನಿದ್ದಲ್ಲಿಗೆ ಹೊರಟುಹೋದರು. ಅವರು ಬಯಸಿದ ಒಂದು ಹೂವನ್ನು ಅವರ ಕಣ್ಣೆದುರಿಗೆ ಅರಳಿಸಲು ನನ್ನಿಂದಾಗಲಿಲ್ಲ. ನಾನು ಆ ಗೋಡೆಯ ಬುಡದಲ್ಲಿ ಕಳೆದ ನಾಲ್ಕು ದಿನಗಳು ಅವರಿಗೆ ಒಂದು ಇಡೀ ವರ್ಷವನ್ನು ನಷ್ಟಮಾಡಿದುವು. ಎಂಬತ್ತು ದಾಟಿದವರ ಲೆಕ್ಕದಲ್ಲಿ ಒಂದು ವರ್ಷವೆಂದರೆ ಅಲ್ಪವಲ್ಲ.

೨೦೨೪ರ ಆಗಸ್ಟ್ ತಿಂಗಳಿನ ಒಂದು ರಾತ್ರಿ ಮಗಳು ದೂರವಾಣಿಯಲ್ಲಿ ಚಿತ್ರವೊಂದನ್ನು ಕಳುಹಿಸಿದಳು. ಒಂದು ಬಿಲ್ಲೆಯ ತುದಿಯಲ್ಲಿ ಒಂದೇ ಒಂದು ಹೂವು. ನೇರಳೆ ಬೆರೆತ ಗಾಢವಾದ ಗುಲಾಬಿ ಬಣ್ಣ. ಹಿಂದಕ್ಕೆ ಬಾಗಿದ ದಳಗಳು ಹೂವಿನೊಳಗಿನಿಂದ ಮತ್ತೊಂದು ಹೂವು ಹೊರಟಂತೆ ಎರಡು ಅಂತಸ್ತಾಗಿವೆ. ಕೇಸರಗಳು ಮುಂದಕ್ಕೆ ಚಾಚಿಕೊಂಡಿವೆ. ಮುಖವು ಒಂದು ಕಡೆಗೆ ಓರೆಯಾಗಿ, ಹಾರುತ್ತಲೇ ಜೇನನ್ನು ಹೀರುವ ಪುಟ್ಟ ಹಕ್ಕಿಯ ಕೊಕ್ಕಿಗೆ ಅಳತೆ ತೆಗೆದು ಮಾಡಿದಂತಿತ್ತು. ಆ ಹಕ್ಕಿಯನ್ನು ಅಲ್ಲಿನವರು ‘ಹೂಮುತ್ತಿಡುವ ಹಕ್ಕಿ’ ಎನ್ನುತ್ತಾರೆ.

ಚಿತ್ರವನ್ನು ಪ್ರೊಫೆಸ್ಸೋರಾಗೆ ಕಳುಹಿಸೆಂದು ಹೇಳಿದೆನು. ಅವರು ಬಹಳ ಸಂತೋಷಪಟ್ಟು ದೀರ್ಘವಾದ ಉತ್ತರವನ್ನು ಬರೆಯುವರೆಂದು ನಿರೀಕ್ಷಿಸಿದ್ದೆನು. ಮರುದಿನ ಮೊಮ್ಮಗನು ಅವರ ಉತ್ತರವನ್ನು ಕನ್ನಡಿಸಿ ಓದಿದನು. ಎರಡೇ ಸಾಲು. “ಬಣ್ಣ ನಾನು ಊಹಿಸಿದ್ದಕ್ಕಿಂತ ಗಾಢವಾಗಿದೆ. ಸಂತೋಷದಲ್ಲಿ ಪ್ರೊಫೆಸ್ಸೋರರು ಮತ್ತೆ ಹೆಚ್ಚು ನೀರು ಹಾಕಿಸದಂತೆ ನೋಡಿಕೋ.”